ಸಾಕಿದ ಆಮೆ, ಹಲ್ಲಿ, ಹಾವು ತೀರಿಕೊಂಡರೆ: ಏನನ್ನು ಉಳಿಸಿಕೊಳ್ಳುವುದು, ಹೇಗೆ ಉಳಿಸಿಕೊಳ್ಳುವುದು

ನಮ್ಮ ಶೇಂಗಾ ಹೋಗಿದ್ದು ಮೇ ತಿಂಗಳಲ್ಲಿ. ಕಲಬುರಗಿಯ ಮೇ ಅಂದರೆ ಗೊತ್ತಲ್ಲ, ಬೆಳಗ್ಗೆ ಒಂಬತ್ತಕ್ಕೇ ಅಂಗಳದ ಫರಸಿ ಕಾಲು ಸುಡುತ್ತದೆ. ಶೇಂಗಾ ಒಂದು ಕೆಂಪು ಕಿವಿಯ ಸ್ಲೈಡರ್ ಆಮೆ. ತಂದಾಗ ಶೇಂಗಾಕಾಯಿಯಷ್ಟೇ ಇತ್ತು, ಅದಕ್ಕೇ ಆ ಹೆಸರು. 11 ವರ್ಷ ನಮ್ಮ ಜೊತೆ ಇದ್ದು ಊಟದ ತಟ್ಟೆಯಷ್ಟಾಗಿತ್ತು.

ಅದು ಹೋದ ಒಂದು ಗಂಟೆಯೊಳಗೆ ಮನೆಯಲ್ಲಿ ನಾಲ್ಕು ಮಾತು. ಅವ್ವ ಮಣ್ಣು ಕೊಡೋಣ ಅಂದಳು, ಮಗಳು ಚಿಪ್ಪು ಬೇಕೇ ಬೇಕು ಅಂತ ಅತ್ತಳು, ಹೆಂಡತಿ ಏನಾದರೂ ಮಾಡಿ ಆದರೆ ನನ್ನ ಫ್ರಿಜ್‌ನಲ್ಲಿ ಮಾತ್ರ ಬೇಡ ಅಂದಳು, ಬಾಜು ಮನೆ ಕಾಕಾ ಗೋಡೆ ಮೇಲಿಂದ ಇಣುಕಿ "ಕಾಲೇಜಿನ್ಯಾಗ ಇಡ್ತಾರಲ್ಲ, ಹಂಗ ಬಾಟ್ಲಿಗೆ ಹಾಕ್ರಿ" ಅಂದರು.

ಇದಕ್ಕೂ ಮೊದಲು ಒಂದು ಆಮೆ ಕಳೆದುಕೊಂಡಿದ್ದೆವು. ಆಗ ಅಳುತ್ತಾ ಅದೇ ಸಂಜೆ ಯಾದಗಿರಿ ಹತ್ತಿರದ ಮಾವನವರ ಹೊಲದಲ್ಲಿ ಒಂದು ಅಡಿ ಗುಂಡಿ ತೋಡಿ ಮುಚ್ಚಿ ಬಂದಿದ್ದೆ. ಚಿಪ್ಪು ಆಮೇಲೆ ತೆಗೆದುಕೊಂಡರಾಯಿತು ಅಂದುಕೊಂಡಿದ್ದೆ. ಮಳೆಗಾಲ ಮುಗಿದ ಮೇಲೆ ಅಗೆದರೆ ಸಿಕ್ಕಿದ್ದು ಕರಿ ಹಿಡಿದ ಏಳೆಂಟು ಚೂರು. ಉಳಿದದ್ದನ್ನು ನಾಯಿ ಒಯ್ದಿತ್ತೋ ಎರೆ ಮಣ್ಣು ಒಡೆದಿತ್ತೋ ದೇವರೇ ಬಲ್ಲ. ಹಾಗಾಗಿ ಎರಡನೇ ಸಲ ಒಂದು ಮಾತು ಗಟ್ಟಿ ಮಾಡಿಕೊಂಡೆ: ಸತ್ತ ದಿನವೇ ಕೊನೆಯ ತೀರ್ಮಾನ ಬೇಡ. ಆ ದಿನ ಮಾಡಬೇಕಾದ್ದು ದೇಹ ಕೆಡದ ಹಾಗೆ ನೋಡಿಕೊಳ್ಳುವುದು ಅಷ್ಟೇ. ಮುಂದಿನದನ್ನು ವಾರ ಬಿಟ್ಟು ಯೋಚಿಸಿದರೂ ನಡೆಯುತ್ತದೆ. ಅದನ್ನೇ ಕೆಳಗೆ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ನಿಜವಾಗಿಯೂ ಸತ್ತಿದೆಯಾ, ನೋಡಿ

ನಗಬೇಡಿ. ಇವು ತಣ್ಣನೆ ರಕ್ತದ ಪ್ರಾಣಿಗಳು. ಬೀದರಿನ ಡಿಸೆಂಬರ್ ಚಳಿಯಲ್ಲಿ ನೀರು ತಣ್ಣಗಾದರೆ ಆಮೆ ಕಲ್ಲಿನ ಹಾಗೆ ಬಿದ್ದುಬಿಡುತ್ತದೆ, ಉಸಿರಾಟ ಕಣ್ಣಿಗೆ ಕಾಣುವುದೇ ಇಲ್ಲ. ಹಲ್ಲಿ, ಹಾವುಗಳೂ ಹಾಗೇ. ಮೊದಲು ಒಣ ಬಟ್ಟೆಯ ಮೇಲೆ ಇಟ್ಟು, ಕೋಣೆಯ ಬಿಸಿಗೆ ಅಂದರೆ 26–28 ಡಿಗ್ರಿಗೆ ನಿಧಾನವಾಗಿ ಬರಲು ಬಿಡಿ. ಬಿಸಿಲಿಗೆ ಇಡಬೇಡಿ, ಬಿಸಿನೀರಿಗೆ ಹಾಕಬೇಡಿ. ಆಮೇಲೆ ಕಣ್ಣಿನ ಮೂಲೆಯನ್ನು ಒದ್ದೆ ಹತ್ತಿಯಿಂದ ಮುಟ್ಟಿ ನೋಡಿ, ಹಿಂಗಾಲು ಮೆಲ್ಲಗೆ ಎಳೆದು ನೋಡಿ, ಬಾಲದ ಬುಡ ಒತ್ತಿ ನೋಡಿ. ಜೀವ ಇದ್ದರೆ ಎಲ್ಲೋ ಒಂದು ಕಡೆ ಸಣ್ಣ ಸೆಳೆತ ಸಿಗುತ್ತದೆ.

ಎದೆಬಡಿತವನ್ನು ಮಾತ್ರ ನಂಬಬೇಡಿ. ಸರೀಸೃಪಗಳ ಹೃದಯ ಮಿದುಳು ಸತ್ತ ಮೇಲೂ ಸುಮಾರು ಹೊತ್ತು ಬಡಿಯಬಲ್ಲದು. ಕಣ್ಣು ಗುಳಿ ಬಿದ್ದಿದ್ದರೆ, ಕಾಲು ಸೆಟೆದು ಮತ್ತೆ ಸಡಿಲವಾಗಿದ್ದರೆ, ವಾಸನೆ ಶುರುವಾಗಿದ್ದರೆ ಆಗ ಮುಗಿಯಿತು ಅಂತ ಅರ್ಥ. ಅನುಮಾನ ಇದ್ದರೆ ಪಶುವೈದ್ಯರ ಹತ್ತಿರ ಹೋಗಿ. ಚಳಿಗಾಲದಲ್ಲಿ ಒಂದು ದಿನ ಕಾದರೂ ನಷ್ಟವಿಲ್ಲ. ನಮ್ಮ ಬೇಸಿಗೆಯಲ್ಲಿ ಅಷ್ಟು ಹೊತ್ತು ಹೊರಗಿಟ್ಟರೆ ಉಳಿಸಲು ಏನೂ ಉಳಿಯುವುದಿಲ್ಲ, ಕೆಲವೇ ತಾಸಿನಲ್ಲಿ ಹೊಟ್ಟೆ ಉಬ್ಬುತ್ತದೆ.

ಕೈಗವಸು ಹಾಕಿಕೊಳ್ಳಿ. ಇವುಗಳ ಮೈಮೇಲೆ ಬದುಕಿದ್ದಾಗಲೂ ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುತ್ತದೆ, ಸತ್ತ ಮೇಲೆ ಕೇಳುವುದೇ ಬೇಡ. ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಚಿಕ್ಕ ಮಕ್ಕಳು ಮುತ್ತು ಕೊಟ್ಟು ಬೀಳ್ಕೊಡುತ್ತೇವೆ ಅಂದರೆ ದೂರದಿಂದ ಕೈ ಮುಗಿಸಿ.

ಹೆಜ್ಜೆ 2: ಇಟ್ಟುಕೊಳ್ಳಲು ಕಾನೂನು ಬಿಡುತ್ತದಾ?

ಇದನ್ನು ಹಾರಿಸಬೇಡಿ. ನಕ್ಷತ್ರ ಆಮೆ, ಕೆರೆ ಆಮೆ, ಉಡ, ಹೆಬ್ಬಾವು, ನಾಗರಹಾವು ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಸಾಕುವುದೇ ಅಪರಾಧ. ಸತ್ತ ಮೇಲೆ ಚಿಪ್ಪು, ಚರ್ಮ, ಉಗುರು ಇಟ್ಟುಕೊಳ್ಳುವುದೂ ಅಪರಾಧವೇ. ನಮ್ಮ ಕಡೆ ಅದೃಷ್ಟ ಬರುತ್ತದೆ ಅಂತ ನಕ್ಷತ್ರ ಆಮೆ ತಂದಿಡುವವರು ಇದ್ದಾರೆ. ಅಂಥದ್ದು ನಿಮ್ಮ ಮನೆಯಲ್ಲಿ ಸತ್ತಿದ್ದರೆ ಈ ಬರಹದ ಮುಂದಿನ ಯಾವ ಹೆಜ್ಜೆಯೂ ನಿಮಗಲ್ಲ. ಅರಣ್ಯ ಇಲಾಖೆಗೆ ತಿಳಿಸಿ, ಅಷ್ಟೇ.

ಬಾಲ್ ಪೈಥಾನ್, ಹಸಿರು ಇಗುವಾನಾದಂಥ ಹೊರದೇಶದ ಪ್ರಾಣಿಗಳ ಲೆಕ್ಕ ಬೇರೆ. 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಎಂಬ ಆನ್‌ಲೈನ್ ಪೋರ್ಟಲ್‌ನಲ್ಲಿ ನೋಂದಾಯಿಸಿರಬೇಕು, ಸತ್ತರೆ ಅದನ್ನೂ ಅಲ್ಲಿ ತಿಳಿಸಬೇಕು. ಆದ್ದರಿಂದ ಪಶುವೈದ್ಯರಿಂದ ಒಂದು ಕಾಗದ ಬರೆಸಿಕೊಳ್ಳುವ ತನಕ ದೇಹಕ್ಕೆ ಕತ್ತರಿ ಹಾಕಬೇಡಿ. ಸ್ಲೈಡರ್ ಅಮೆರಿಕ ಮೂಲದ್ದು, ನಮ್ಮ ದೇಶಿ ಆಮೆಗಳ ಪಟ್ಟಿಯಲ್ಲಿ ಇಲ್ಲ. ಆದರೂ ಚಿಪ್ಪನ್ನು ಮಾರುವ ಯೋಚನೆ ಬೇಡ. ನಮ್ಮ ಮನೆಯ ಚಿಪ್ಪು ನೋಡಿದವರೊಬ್ಬರು ಎಷ್ಟಕ್ಕೆ ಕೊಡುತ್ತೀರಿ ಅಂತ ಕೇಳಿದ್ದರು, ಅವ್ವ ಅವರಿಗೆ ಚಹಾ ಕೂಡ ಕೊಡಲಿಲ್ಲ.

ಹೆಜ್ಜೆ 3: ಫೋಟೊ, ಅಳತೆ, ಆಮೇಲೆ ತಂಪು

ಫ್ರಿಜ್‌ಗೆ ಇಡುವ ಮೊದಲು ಹತ್ತು ನಿಮಿಷ ಫೋಟೊ ತೆಗೆಯಿರಿ. ಮೇಲಿಂದ, ಹೊಟ್ಟೆ ಕಡೆಯಿಂದ, ಮುಖದ ಎರಡೂ ಬದಿಯಿಂದ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಬಣ್ಣ ಯಾವ ವಿಧಾನದಲ್ಲೂ ಪೂರ್ತಿ ಉಳಿಯುವುದಿಲ್ಲ, ಶೇಂಗಾನ ಕಿವಿಯ ಕೆಂಪು ಈಗ ಇರುವುದು ಫೋಟೊದಲ್ಲಿ ಮಾತ್ರ. ಪಾದದ ಗುರುತು ಬೇಕಿದ್ದರೆ ಅದಕ್ಕೂ ಇದೇ ಹೊತ್ತು. ಮಕ್ಕಳ ಆಟದ ಕ್ಲೇ ತಟ್ಟಿ ಪಾದ ಒತ್ತಿ, ಅದರೊಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಸುರಿದರೆ ಅರ್ಧ ತಾಸಿನಲ್ಲಿ ಗಟ್ಟಿಯಾಗುತ್ತದೆ.

ಈಗ ಒದ್ದೆ ಟಿಶ್ಯೂ ಅಥವಾ ಹಳೆ ಬಟ್ಟೆಯಲ್ಲಿ ಸುತ್ತಿ, ಎರಡು ಪ್ಲಾಸ್ಟಿಕ್ ಕವರ್‌ನಲ್ಲಿ ಗಾಳಿ ತೆಗೆದು ಕಟ್ಟಿ. ಮೇಲೆ ದಿನಾಂಕ ಬರೆಯಿರಿ. ಹಾವು, ಹಲ್ಲಿಗಳನ್ನು ಮೊದಲೇ ಬೇಕಾದ ಭಂಗಿಯಲ್ಲಿ ಇಟ್ಟುಬಿಡಿ, ಹೆಪ್ಪುಗಟ್ಟಿದ ಮೇಲೆ ಬಾಲ ನೆಟ್ಟಗೆ ಮಾಡಲು ಹೋದರೆ ಮುರಿಯುತ್ತದೆ.

ಕೆಳಗಿನ ಭಾಗದಲ್ಲಿ ಇಡುವುದಾ, ಫ್ರೀಜರ್‌ನಲ್ಲಿ ಇಡುವುದಾ? ಸಾವಿಗೆ ಕಾರಣ ತಿಳಿಯಬೇಕು ಅಂತಿದ್ದರೆ ಕೆಳಗೆ, 2–4 ಡಿಗ್ರಿಯಲ್ಲಿ, ಆದಷ್ಟೂ ಒಂದು ದಿನದೊಳಗೆ ಪರೀಕ್ಷೆಗೆ ಕೊಡುವ ಹಾಗೆ. ಹೆಪ್ಪುಗಟ್ಟಿದರೆ ಒಳಗಿನ ಜೀವಕೋಶ ಒಡೆದು, ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೆ ಏನೂ ತಿಳಿಯುವುದಿಲ್ಲ. ಪರೀಕ್ಷೆ ಬೇಡ ಅಂದರೆ ಸೀದಾ ಫ್ರೀಜರ್. ಮೈನಸ್ 18ರಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಬೇಸಿಗೆಯಲ್ಲಿ ಕರೆಂಟ್ ಕೈಕೊಟ್ಟರೂ ಬಾಗಿಲು ತೆಗೆಯದಿದ್ದರೆ ಕೆಲವು ತಾಸು ಏನೂ ಆಗುವುದಿಲ್ಲ. ಕರಗಿ, ಮತ್ತೆ ಹೆಪ್ಪುಗಟ್ಟಿ, ಮತ್ತೆ ಕರಗಿದರೆ ಮಾತ್ರ ಚರ್ಮ ಕೆಡುತ್ತದೆ.

ಅಡುಗೆಮನೆ ಫ್ರಿಜ್‌ಗೆ ಅನುಮತಿ ಸಿಗದ ಮನೆಗಳು ನಮ್ಮಲ್ಲಿ ಜಾಸ್ತಿ. ನಾನು ಥರ್ಮೊಕೋಲ್ ಡಬ್ಬಿಗೆ ಐಸ್ ತುಂಬಿ ಎರಡು ದಿನ ದೂಡಿದೆ, ಆರಾರು ತಾಸಿಗೊಮ್ಮೆ ಐಸ್ ಬದಲಿಸಿ, ಆಮೇಲೆ ಗೆಳೆಯನ ಅಂಗಡಿಯ ಐಸ್‌ಕ್ರೀಮ್ ಫ್ರೀಜರ್ ಮೂಲೆ ಸಿಕ್ಕಿತು. ಎಲ್ಲಿ ಇಟ್ಟರೂ ಮೇಲೆ ದಪ್ಪ ಅಕ್ಷರದಲ್ಲಿ "ಆಮೆ, ತೆರೆಯಬೇಡಿ" ಅಂತ ಬರೆಯಿರಿ. ನಾನು ಬರೆದಿರಲಿಲ್ಲ. ಅಂಗಡಿಯ ಹುಡುಗ ತೆರೆದ.

ಹೆಜ್ಜೆ 4: ಯಾಕೆ ಸತ್ತಿತು ಅಂತ ಗೊತ್ತಾಗಬೇಕಾ?

ಮನೆಯಲ್ಲಿ ಇನ್ನೊಂದು ಪ್ರಾಣಿ ಅದೇ ತೊಟ್ಟಿಯಲ್ಲಿ ಇದ್ದರೆ ಗೊತ್ತಾಗಲೇಬೇಕು. ನಮ್ಮ ಭಾಗಕ್ಕೆ ಒಂದು ಅನುಕೂಲ ಇದೆ: ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವೇ ಬೀದರಿನ ನಂದಿನಗರದಲ್ಲಿದೆ, ಅಲ್ಲೇ ಪಶುವೈದ್ಯಕೀಯ ಕಾಲೇಜೂ ಇದೆ. ಮೊದಲು ಫೋನ್ ಮಾಡಿ, ಆಮೆ ಅಥವಾ ಹಲ್ಲಿಯ ಮರಣೋತ್ತರ ಪರೀಕ್ಷೆ ಮಾಡುತ್ತಾರಾ, ಯಾವಾಗ ತರಬೇಕು ಅಂತ ಕೇಳಿ ಹೋಗಿ.

ಒಂದು ಮಾತು ಮಾತ್ರ ಕೊಯ್ಯುವ ಮೊದಲೇ ಹೇಳಿ: "ಚಿಪ್ಪು ನಮಗೆ ಬೇಕು." ಆಮೆಯ ಒಳಗೆ ನೋಡಲು ಮೇಲಿನ ಚಿಪ್ಪು, ಹೊಟ್ಟೆ ಚಿಪ್ಪು ಸೇರುವ ಪಕ್ಕದ ಸೇತುವೆಯಂಥ ಎಲುಬನ್ನು ಗರಗಸದಿಂದ ಕೊಯ್ಯುತ್ತಾರೆ. ಮೊದಲೇ ಹೇಳಿದರೆ ನೆಟ್ಟಗೆ, ತೆಳ್ಳಗೆ ಕೊಯ್ಯುತ್ತಾರೆ, ಆಮೇಲೆ ಅಂಟಿಸಬಹುದು. ಹಾವು, ಹಲ್ಲಿಯಾದರೆ ಹೊಟ್ಟೆಯ ನಡುವೆ ಒಂದೇ ಗೀಟು ಹಾಕಲು ಕೇಳಿ. ಮಾಂಸವನ್ನು ಅವರೇ ತೆಗೆದುಕೊಟ್ಟರೆ ನಿಮ್ಮ ಮುಂದಿನ ಕೆಲಸ ಅರ್ಧ ಮುಗಿದ ಹಾಗೆ.

ಹೆಜ್ಜೆ 5: ಯಾವ ಭಾಗ ಉಳಿಸಿಕೊಳ್ಳುತ್ತೀರಿ?

ಎಲ್ಲರೂ ವಿಧಾನದಿಂದ ಶುರು ಮಾಡುತ್ತಾರೆ, ಬಾಟಲಿಯಾ, ಮಣ್ಣಾ, ಸುಡುವುದಾ ಅಂತ. ಅದು ಉಲ್ಟಾ. ಮೊದಲು ನಿಮ್ಮ ಪ್ರಾಣಿಯ ಮೈ ಯಾವುದನ್ನು ಉಳಿಸಲು ಬಿಡುತ್ತದೆ ನೋಡಿ.

ಆಮೆಯಾದರೆ ಚಿಪ್ಪು. ಅದು ಬಟ್ಟೆಯಂತೆ ಬಿಚ್ಚಿ ತೆಗೆಯುವ ವಸ್ತುವಲ್ಲ. ಬೆನ್ನೆಲುಬು, ಪಕ್ಕೆಲುಬುಗಳೇ ಹಿಗ್ಗಿ ಬೆಸೆದುಕೊಂಡು ಚಿಪ್ಪಾಗಿವೆ, ಅದರ ಮೇಲೆ ನಮ್ಮ ಉಗುರಿನಂಥ ಪದಾರ್ಥದ ಬಿಲ್ಲೆಗಳು ಹೊದ್ದಿವೆ. ಗಟ್ಟಿ, ಚೆಂದ, ಮುಟ್ಟಬಹುದು. ಮರಿ ಆಮೆಯದ್ದಾದರೆ ಎಲುಬು ಇನ್ನೂ ಬೆಸೆದಿರುವುದಿಲ್ಲ, ಚೂರು ಚೂರಾಗಿ ಬರುತ್ತದೆ. ಅದಕ್ಕೆ ಬಾಟಲಿ ಅಥವಾ ಮಣ್ಣು ವಾಸಿ.

ಇಗುವಾನಾದಂಥ ದೊಡ್ಡ ಹಲ್ಲಿಗೆ ತಲೆಬುರುಡೆ ಚೆನ್ನಾಗಿ ಬರುತ್ತದೆ. ಲೆಪರ್ಡ್ ಗೆಕೊದಂಥ ಗೇಣುದ್ದದ ಹಲ್ಲಿಗೆ ಎಲುಬು ಬಿಡಿಸುವುದು ಹುಚ್ಚು ಕೆಲಸ, ಅಕ್ಕಿಕಾಳಿಗಿಂತ ಸಣ್ಣ ಎಲುಬು. ಅದಕ್ಕೆ ಬಾಟಲಿಯೇ ಸರಿ. ಹಾವಿಗೆ ಚರ್ಮ, ಅಥವಾ ಬದುಕಿದ್ದಾಗ ಬಿಟ್ಟ ಪೊರೆ. ಹಾವಿನ ಅಸ್ಥಿಪಂಜರ ನೋಡಲು ಅದ್ಭುತ. ಆದರೆ ನೂರಾರು ಕಶೇರು ಅಂದರೆ ಬೆನ್ನೆಲುಬಿನ ಮಣಿ, ಒಂದೊಂದಕ್ಕೂ ಎರಡೆರಡು ಪಕ್ಕೆಲುಬು. ನೀರಿನಲ್ಲಿ ಕೊಳೆಸಿದರೆ ಸೇವಿನ ಹಾಗೆ ಕಲಸಿಹೋಗುತ್ತದೆ, ಜೋಡಿಸಲು ಒಂದು ಜನ್ಮ ಸಾಲದು.

ಇನ್ನೊಂದು ಪ್ರಶ್ನೆ ಮನೆಯವರದ್ದು. ಎಲುಬು ಸರಿ, ಮುಖ ಇರುವ ದೇಹ ಬೇಡ ಅನ್ನುವವರೇ ಹೆಚ್ಚು. ದಿನಾ ಅದೇ ಮನೆಯಲ್ಲಿ ಓಡಾಡುವವರು ಅವರು, ಅವರನ್ನು ಕೇಳದೆ ಬಾಟಲಿ ತಂದು ಶೋಕೇಸ್‌ನಲ್ಲಿ ಇಡಬೇಡಿ.

ಹೆಜ್ಜೆ 6: ವಿಧಾನಗಳು

*ಸುಮ್ನೆ ಮಣ್ಣು ಕೊಡುವುದು.* ಏನೂ ಉಳಿಸಿಕೊಳ್ಳುವುದು ಬೇಡ ಅನ್ನಿಸಿದರೆ ಇದಕ್ಕಿಂತ ಒಳ್ಳೆಯದಿಲ್ಲ. ಎರಡೂವರೆ, ಮೂರು ಅಡಿ ಆಳ ಬೇಕು, ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಬೇಡ. ಮೇಲೆ ಒಂದು ಶಹಾಬಾದ್ ಫರಸಿ ತುಂಡು ಹಾಕಿದರೆ ನಾಯಿ, ಹಂದಿ ಕೆದರುವುದಿಲ್ಲ. ಬಾವಿ, ಬೋರ್‌ವೆಲ್‌ನಿಂದ ದೂರ ಇರಲಿ. ವೈದ್ಯರು ಇಂಜೆಕ್ಷನ್ ಕೊಟ್ಟು ನೋವಿಲ್ಲದೆ ಕಳಿಸಿದ್ದರೆ ಇನ್ನೂ ಆಳ ತೋಡಿ, ಆ ಔಷಧಿ ದೇಹದಲ್ಲೇ ಇರುತ್ತದೆ, ಕೆದರಿ ತಿಂದ ನಾಯಿಯೂ ಹದ್ದೂ ಸಾಯಬಹುದು. ಕೆರೆಗೆ ಮಾತ್ರ ಎಸೆಯಬೇಡಿ.

*ಮಣ್ಣಿನಿಂದ ಎಲುಬು ವಾಪಸ್ ಪಡೆಯುವುದು.* ನಾನು ಹೊಲದಲ್ಲಿ ಮಾಡಿದ್ದು ಇದನ್ನೇ, ತಪ್ಪಾಗಿ. ನಮ್ಮ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ, ನಡುವೆ ಸಿಕ್ಕ ಚಿಪ್ಪು ಒಡೆಯದೇ ಇನ್ನೇನು. ಬೀದರಿನ ಕೆಂಪು ಮಣ್ಣು ಒಡೆಯುವುದಿಲ್ಲ, ಆದರೆ ಎಲುಬಿಗೆ ಕೆಂಪು ಕಲೆ ಹತ್ತಿ ಹೋಗುವುದೇ ಇಲ್ಲ. ಅದಕ್ಕೇ ಹೊಲ ಬಿಡಿ, ದೊಡ್ಡ ಮಣ್ಣಿನ ಕುಂಡ ತನ್ನಿ. ದೇಹವನ್ನು ಸೊಳ್ಳೆ ಪರದೆಯ ಬಟ್ಟೆಯಲ್ಲಿ ಚೀಲದ ಹಾಗೆ ಕಟ್ಟಿ, ಸುತ್ತ ಉಸುಕು ತುಂಬಿ, ಮೇಲೆ ಫರಸಿ ಮುಚ್ಚಿ. ಉಸುಕು ಪೂರ್ತಿ ಒಣಗದ ಹಾಗೆ ಆಗಾಗ ನೀರು ಚಿಮುಕಿಸಿ. ಅದರಲ್ಲಿ ಗಿಡ ನೆಡಬೇಡಿ, ಬೇರು ಎಲುಬಿನೊಳಗೆ ನುಗ್ಗುತ್ತದೆ. ಒಂದು ಮಳೆಗಾಲ ದಾಟಿದ ಮೇಲೆ, ಸುಮಾರು ವರ್ಷಕ್ಕೆ ತೆರೆದು ನೋಡಿ. ನಿಧಾನ, ಆದರೆ ವಾಸನೆ ಇಲ್ಲ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ.

*ನೀರಿನಲ್ಲಿ ಕೊಳೆಸಿ ಚಿಪ್ಪು ತೆಗೆಯುವುದು.* ಶೇಂಗಾಗೆ ಮಾಡಿದ್ದು ಇದು. ಕೇಳಲು ಅಸಹ್ಯ, ಆದರೆ ಫಲ ಎಲ್ಲಕ್ಕಿಂತ ಚೆನ್ನ. ಮೂಲ ಕೆಲಸ ಬ್ಯಾಕ್ಟೀರಿಯಾದ್ದು, ನೀವು ಅದಕ್ಕೆ ಬಿಸಿ ಮತ್ತು ಸಮಯ ಕೊಡಬೇಕು ಅಷ್ಟೇ. 35ರಿಂದ 40 ಡಿಗ್ರಿ ಅದಕ್ಕೆ ಹೇಳಿ ಮಾಡಿಸಿದ ಬಿಸಿ. ಚಳಿ ದೇಶದವರು ಇದಕ್ಕೆ ಹೀಟರ್ ಇಡುತ್ತಾರೆ, ನಮಗೆ ಏಪ್ರಿಲ್, ಮೇ ಪುಕ್ಕಟೆ ಕೊಡುತ್ತದೆ. ನಮ್ಮ ಬಿಸಿಲು ಯಾವುದಕ್ಕಾದರೂ ಉಪಯೋಗಕ್ಕೆ ಬಂದದ್ದು ಇದೇ ಮೊದಲು ಅನ್ನಿಸಿತು.

ಫ್ರೀಜರ್‌ನಿಂದ ತೆಗೆದು ಪೂರ್ತಿ ಕರಗಲು ಬಿಡಿ. ಧೈರ್ಯ ಇದ್ದರೆ ಮೆತ್ತನೆಯ ಭಾಗಗಳನ್ನು ಕತ್ತರಿಸಿ ತೆಗೆದು ಮಣ್ಣು ಕೊಟ್ಟುಬಿಡಿ, ಇಲ್ಲದಿದ್ದರೆ ಇಡಿಯಾಗಿ ಹಾಕಿ, ಹೆಚ್ಚು ದಿನ ಹಿಡಿಯುತ್ತದೆ. ಮುಚ್ಚಳ ಇರುವ ಪ್ಲಾಸ್ಟಿಕ್ ಬಕೆಟ್, ಪರದೆ ಬಟ್ಟೆಯ ಚೀಲ, ಮುಳುಗುವಷ್ಟು ನೀರು. ಮಾಳಗಿ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಇಡಿ. ಮಟಮಟ ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ನೀರು ಸುಡುವಷ್ಟಾಗಿ ಬ್ಯಾಕ್ಟೀರಿಯಾವೇ ಸಾಯುತ್ತವೆ. ಮುಚ್ಚಳದ ಕೆಳಗೆ ಬಟ್ಟೆ ಬಿಗಿದು ಕಟ್ಟಿ, ಇಲ್ಲವಾದರೆ ಸೊಳ್ಳೆ ಮರಿ ಮಾಡುತ್ತದೆ, ಕಾಗೆ ಬೇರೆ. ಬಕೆಟ್ ಮೇಲೊಂದು ಕಲ್ಲು.

ಕುದಿಸಬೇಡಿ. ಬೇಗ ಆಗುತ್ತದೆ ಅಂತ ಎಲ್ಲರೂ ಹೇಳುವುದು ಇದನ್ನೇ, ಆದರೆ ಕುದಿಸಿದರೆ ಕೊಬ್ಬು ಎಲುಬಿನೊಳಗೆ ಇಳಿದು ಆಮೇಲೆ ವರ್ಷಗಟ್ಟಲೆ ಹಳದಿಯಾಗಿ ಸೋರುತ್ತದೆ, ಬಿಲ್ಲೆಗಳು ಸುರುಟಿಕೊಳ್ಳುತ್ತವೆ.

ವಾರಕ್ಕೊಮ್ಮೆ ಅರ್ಧ ನೀರು ಮಾತ್ರ ಬದಲಿಸಿ, ಪೂರ್ತಿ ಚೆಲ್ಲಿದರೆ ಕೆಲಸ ಮಾಡುವ ಬ್ಯಾಕ್ಟೀರಿಯಾನೂ ಹೋಗುತ್ತವೆ. ಚೆಲ್ಲುವ ನೀರನ್ನು ಜರಡಿಯಲ್ಲಿ ಸೋಸಿ ಗಿಡದ ಬುಡದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಆ ಜರಡಿ ಮತ್ತೆ ಅಡುಗೆಮನೆಗೆ ಬರಬಾರದು. ವಾಸನೆ ಬಗ್ಗೆ ಸುಳ್ಳು ಹೇಳುವುದಿಲ್ಲ, ಮುಚ್ಚಳ ತೆಗೆದಾಗ ಹೊಟ್ಟೆ ತೊಳಸುತ್ತದೆ. ಗಾಳಿ ಪಕ್ಕದ ಮನೆ ಕಡೆ ಬೀಸದ ಹೊತ್ತು ನೋಡಿ ತೆಗೆಯಿರಿ. ಎರಡನೇ ವಾರ ಕಾಕಾ "ನಾ ಬಾಟ್ಲಿ ಅಂದಿದ್ದೆ, ಬಕೆಟ್ ಅಂದಿರಲಿಲ್ಲ" ಅಂದರು.

ಒಂದೆರಡು ವಾರದಲ್ಲಿ ಬಿಲ್ಲೆಗಳು ಬಿಡತೊಡಗುತ್ತವೆ. ಇಲ್ಲಿ ಗಮನ ಬೇಕು. ಸ್ಲೈಡರ್‌ನ ಬೆನ್ನ ಮೇಲೆ 38 ಬಿಲ್ಲೆ: ನಡುಸಾಲಿನಲ್ಲಿ 5, ಅದರ ಎರಡೂ ಬದಿಗೆ ನಾಲ್ಕು ನಾಲ್ಕು, ಅಂಚಿನ ಸುತ್ತ ಹನ್ನೆರಡು ಹನ್ನೆರಡು, ಕುತ್ತಿಗೆಯ ಹಿಂದೆ ಪುಟ್ಟದೊಂದು. ಹೊಟ್ಟೆ ಕಡೆ 12. ಬಿಟ್ಟ ಬಿಟ್ಟ ಹಾಗೆ ಮೊದಲು ತೆಗೆದ ಫೋಟೊ ನೋಡಿ ಒಳಬದಿಗೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ, ತೊಳೆದು, ಕಾಗದಗಳ ನಡುವೆ ಇಟ್ಟು ಮೇಲೆ ಭಾರ ಹೇರಿ ಒಣಗಿಸಿ. ಹಾಗೇ ಬಿಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತವೆ. 50ರಲ್ಲಿ ನಮಗೆ 49 ಸಿಕ್ಕವು, ಬಾಲದ ಹತ್ತಿರದ್ದೊಂದು ನೀರು ಚೆಲ್ಲುವಾಗ ಹೋಯಿತು.

ನಮಗೆ ಸುಮಾರು ಐದು ವಾರ ಹಿಡಿಯಿತು. ಬೀದರಿನ ಚಳಿಗಾಲದಲ್ಲಿ ಮಾಡಿದರೆ ತಿಂಗಳುಗಳೇ ಬೇಕು. ಎಲುಬು ಸ್ವಚ್ಛವಾದ ಮೇಲೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಅದರಲ್ಲಿ ನೆನೆಸಿ, ನೀರು ಕದಡಿದಾಗೆಲ್ಲ ಬದಲಿಸಿ. ಆಮೆಯ ಎಲುಬಿನಲ್ಲಿ ಕೊಬ್ಬು ಜಾಸ್ತಿ. ಈ ಹಂತವನ್ನು ಎರಡು ಮೂರು ವಾರ ಎಳೆಯಿರಿ, ಬೇಸರ ಮಾಡಿಕೊಳ್ಳಬೇಡಿ.

ಬೆಳ್ಳಗೆ ಮಾಡಬೇಕೆಂದರೆ ಮೆಡಿಕಲ್ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಬಾಟಲಿ ಮೇಲೆ 20 ವಾಲ್ಯೂಮ್ ಅಂತಿದ್ದರೆ ಅದು ಶೇ. 6ರಷ್ಟು, ಸಮ ನೀರು ಬೆರೆಸಿದರೆ ಶೇ. 3. ಅದರಲ್ಲಿ ಒಂದೆರಡು ದಿನ ಇಡಿ. ಪ್ಲಾಸ್ಟಿಕ್ ಪಾತ್ರೆ ಇರಲಿ, ಮುಚ್ಚಳ ಬಿಗಿಯಬೇಡಿ, ಗ್ಯಾಸ್ ತುಂಬಿ ಸಿಡಿಯುತ್ತದೆ. ಬಾತ್‌ರೂಮಿನ ಬ್ಲೀಚ್ ಬಳಸಬೇಡಿ, ಅದು ಎಲುಬನ್ನೇ ತಿಂದು ಪುಡಿ ಮಾಡುತ್ತದೆ. ಆಮೇಲೆ ನೆರಳಲ್ಲಿ ಒಣಗಿಸಿ ಬಿಲ್ಲೆಗಳನ್ನು ಫೆವಿಕಾಲ್ ಹಚ್ಚಿ ಕೂರಿಸಿ. ಬೇರೆ ಗಟ್ಟಿ ಅಂಟು ಬೇಡ. ತಪ್ಪು ಜಾಗಕ್ಕೆ ಕೂರಿಸಿದರೆ ಫೆವಿಕಾಲ್ ನೀರಿಗೆ ಬಿಡುತ್ತದೆ, ನಾವು ಮೂರು ಸಲ ಬಿಡಿಸಿದೆವು.

*ಬಾಟಲಿ.* ಬೀದರಿನಲ್ಲಿರುವ ನನ್ನ ಕಾಕಾನ ಮಗ ಗೆಕೊ ಸತ್ತಾಗ ಅದನ್ನು ಸೀದಾ ಸ್ಪಿರಿಟ್‌ನಲ್ಲಿ ಮುಳುಗಿಸಿದ. ಹತ್ತು ದಿನಕ್ಕೆ ಹೊಟ್ಟೆ ಹಸಿರಾಗಿ ಒಡೆಯಿತು. ಹೊರಗಿನ ದ್ರವ ಒಳಗೆ ಹೋಗುವ ಮೊದಲೇ ಕರುಳು ಕೊಳೆತಿತ್ತು. ಸರಿಯಾದ ಕ್ರಮ ಹೀಗೆ: ಅಂಗಡಿಯಲ್ಲಿ ಸಿಗುವ ಫಾರ್ಮಲಿನ್ (ದೇಹ ಕೊಳೆಯದಂತೆ ತಡೆಯುವ ರಾಸಾಯನಿಕ ದ್ರವ) ಒಂದು ಪಾಲು, ನೀರು ಒಂಬತ್ತು ಪಾಲು. ಅದನ್ನು ಸಿರಿಂಜ್‌ನಿಂದ ಹೊಟ್ಟೆ, ತೊಡೆ, ಬಾಲದ ಬುಡಕ್ಕೆ ಚುಚ್ಚಿ, ದೇಹದ ಹತ್ತು ಪಟ್ಟು ದ್ರವದಲ್ಲಿ ವಾರಕ್ಕೂ ಹೆಚ್ಚು ಇಟ್ಟು, ನೀರಿನಲ್ಲಿ ಚೆನ್ನಾಗಿ ತೊಳೆದು, ಕೊನೆಗೆ ಶೇ. 70ರ ಆಲ್ಕೋಹಾಲ್‌ಗೆ ಹಾಕುವುದು. ಎಥನಾಲ್ ಸಿಗುವುದು ಅಬಕಾರಿ ನಿಯಮಗಳಿಂದ ಕಷ್ಟ, ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ, ಅದೂ ನಡೆಯುತ್ತದೆ.

ಕ್ರಮ ಬರೆದೆ, ಆದರೆ ಮನೆಯಲ್ಲಿ ಮಾಡಬೇಡಿ ಅಂತಲೇ ನನ್ನ ಮಾತು. ಫಾರ್ಮಲಿನ್ ಹಬೆ ಕಣ್ಣು ಮೂಗು ಸುಡುತ್ತದೆ, ಕ್ಯಾನ್ಸರ್ ತರುವ ವಸ್ತು ಅಂತ ಸಾಬೀತಾಗಿದೆ, ಅಡುಗೆಮನೆ, ಬಚ್ಚಲು ಅದರ ಜಾಗವಲ್ಲ. ಪ್ರಾಣಿಶಾಸ್ತ್ರ ವಿಭಾಗ ಇರುವ ಕಾಲೇಜಿನ ಮೇಷ್ಟ್ರನ್ನೋ ಪಶುವೈದ್ಯರನ್ನೋ ಕೇಳಿಕೊಳ್ಳಿ, ಆ ಒಂದು ಹಂತ ಅವರ ಕೈಯಲ್ಲಿ ಆಗಲಿ. ಮನೆಗೆ ಬಂದ ಮೇಲೆ ಬಾಟಲಿಯನ್ನು ಗ್ಯಾಸ್ ಒಲೆ, ದೇವರ ದೀಪದಿಂದ ದೂರ ಇಡಿ. ಪ್ರತಿ ಬೇಸಿಗೆ ದ್ರವ ಇಳಿದಿದೆಯಾ ನೋಡಿ. ಕೆಂಪು, ಹಳದಿ ಬಣ್ಣ ಮಾಸುತ್ತದೆ, ಕಪ್ಪು ಮಾತ್ರ ನಿಲ್ಲುತ್ತದೆ.

*ಹಾವಿನ ಚರ್ಮ.* ನೋಂದಾಯಿಸಿದ ಹಾವಿಗೆ ಮಾತ್ರ ಈ ಮಾತು. ಹೊಟ್ಟೆಯ ಅಗಲ ಹುರುಪೆಗಳ ನಡುವೆ ಸೀಳಿ ಚರ್ಮ ಬಿಡಿಸಿ, ಒಳಗಿನ ಕೊಬ್ಬು ಕೆರೆದು, ಗ್ಲಿಸರಿನ್ ಮತ್ತು ಐಸೊಪ್ರೊಪೈಲ್ ಸಮ ಬೆರೆಸಿ ವಾರದ ತನಕ ನೆನೆಸಿ, ಹಲಗೆಗೆ ಪಿನ್ ಹೊಡೆದು ನೆರಳಲ್ಲಿ ಒಣಗಿಸುತ್ತಾರೆ. ಪೊರೆ ಇನ್ನೂ ಸುಲಭ: ಒದ್ದೆ ಮಾಡಿ, ಗಾಜಿನ ಮೇಲೆ ಬಿಡಿಸಿ, ಒಣಗಿದ ಮೇಲೆ ಫ್ರೇಮ್. ಹಿಗ್ಗಿ ಬಂದಿರುವುದರಿಂದ ಅದು ಹಾವಿಗಿಂತ ಉದ್ದವೇ ಇರುತ್ತದೆ. ಆಮೆ ಸಾಕಿದವರು ಅದು ಬೆಳೆಯುವಾಗ ಬಿಡುವ ತೆಳು ಬಿಲ್ಲೆಗಳನ್ನು ಇವತ್ತಿನಿಂದಲೇ ಎತ್ತಿಡಿ.

*ತುಂಬಿಸಿ ನಿಲ್ಲಿಸುವುದು.* ನನಗೆ ಇಷ್ಟವಿಲ್ಲ, ಆದರೂ ಕೇಳುವವರು ಇದ್ದಾರೆ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬ ಹುಲಿ, ಚಿರತೆಗಳಿಗೆ ಇದೇ ಕೆಲಸದಿಂದ ಲೋಕಪ್ರಸಿದ್ಧವಾಗಿತ್ತು, ಅದು ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಹತ್ತಿರದ ಹೆಸರು ಅಂದರೆ ಮುಂಬೈಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿರುವ ಕೇಂದ್ರ. ಸರೀಸೃಪಕ್ಕೆ ಹೊಲಿಗೆ ಮುಚ್ಚಲು ಕೂದಲಿಲ್ಲ, ಬಣ್ಣ ಹೋಗುವುದರಿಂದ ಮೇಲೆ ಪೇಂಟ್ ಹೊಡೆಯಬೇಕು. ಕೊನೆಗೆ ಎದುರಿಗೆ ನಿಲ್ಲುವುದು ನಿಮ್ಮದರ ಹಾಗೆ ಕಾಣುವ ಯಾವುದೋ ಒಂದು.

*ಸುಡುವುದು.* ಸಾಕುಪ್ರಾಣಿಗಳ ವಿದ್ಯುತ್ ಚಿತಾಗಾರ ಬೇಕೆಂದರೆ ದೊಡ್ಡ ಊರಿಗೇ ಹೋಗಬೇಕು, ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಒಂದೊಂದೇ ಸುಡುತ್ತಾರಾ, ಹಲವನ್ನು ಕೂಡಿಸಿ ಸುಡುತ್ತಾರಾ ಅಂತ ಮೊದಲೇ ಕೇಳಿ, ಕೂಡಿಸಿದರೆ ಬೂದಿ ನಿಮ್ಮದರದ್ದೇ ಅನ್ನುವ ಖಾತ್ರಿ ಇಲ್ಲ. ಸಣ್ಣ ಪ್ರಾಣಿಗೆ ಸಿಗುವುದು ಚಮಚದಷ್ಟು ಬೂದಿ. ಅಷ್ಟಕ್ಕೆ ಒಂದು ಬಿದರಿ ಡಬ್ಬಿ ಚೆನ್ನಾಗಿ ಒಪ್ಪುತ್ತದೆ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪಾದ ಸತುವು, ಮೇಲೆ ಬೆಳ್ಳಿಯ ಬಳ್ಳಿ. ಉಗುರು, ಬಿಡಿ ಬಿಲ್ಲೆ ಇಡಲೂ ಆಗುತ್ತದೆ, ಪೂರ್ತಿ ಒಣಗಿದ್ದನ್ನು ಮಾತ್ರ ಇಡಿ.

ಹೆಜ್ಜೆ 7: ಇಟ್ಟ ಮೇಲೆ

ಜೂನ್‌ನಿಂದ ಸೆಪ್ಟೆಂಬರ್ ತನಕ ಕಷ್ಟ. ಒಣ ಚರ್ಮ, ಬಿಲ್ಲೆ ತೇವ ಹೀರಿ ಬೂಸ್ಟು ಹಿಡಿಯುತ್ತವೆ. ಗಾಜಿನ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಚರ್ಮ ತಿನ್ನುವ ಸಣ್ಣ ಜೀರುಂಡೆಗಳಿಗೆ ನುಸಿಗುಳಿಗೆ, ಅದೂ ಮಕ್ಕಳ ಕೈಗೆ ಸಿಗದ ಹಾಗೆ. ಬಿಸಿಲು ಬೀಳುವ ಕಿಟಕಿ ಬೇಡ. ಪಕ್ಕದಲ್ಲಿ ಒಂದು ಚೀಟಿ: ಹೆಸರು, ಜಾತಿ, ಎಲ್ಲಿಂದ ತಂದದ್ದು, ಹೋದ ದಿನ, ವೈದ್ಯರ ಕಾಗದದ ಝೆರಾಕ್ಸ್. ನಾಳೆ ಯಾರಾದರೂ ಇದು ಯಾವ ಆಮೆ ಅಂತ ಕೇಳಿದರೆ ಉತ್ತರ ಬೇಕಲ್ಲ.

ಮುಂದೆ ಮನಸ್ಸು ಬದಲಾಗಬಹುದು, ಅದನ್ನೂ ಈಗಲೇ ಲೆಕ್ಕಕ್ಕೆ ತಗೊಳ್ಳಿ. ಎಲುಬು, ಚಿಪ್ಪು, ಬೂದಿಯನ್ನು ಯಾವ ದಿನ ಬೇಕಾದರೂ ಮಣ್ಣಿಗೆ ಕೊಡಬಹುದು. ಫಾರ್ಮಲಿನ್ ಕಂಡ ದೇಹವನ್ನು ಹಾಗೆ ಕೊಡಲಾಗದು, ಆ ದ್ರವವನ್ನು ಚರಂಡಿಗೂ ಸುರಿಯಬಾರದು, ಮಾಡಿಕೊಟ್ಟ ಕಾಲೇಜಿಗೇ ವಾಪಸ್ ಒಯ್ಯಬೇಕು. ನಮ್ಮಲ್ಲಿ ಕೊನೆಗೆ ಇಬ್ಬರ ಮಾತೂ ನಡೆಯಿತು: ಮೆತ್ತನೆಯ ಭಾಗಗಳನ್ನು ಕರಿಬೇವಿನ ಗಿಡದಿಂದಾಚೆ ಮೂರು ಅಡಿ ಆಳದಲ್ಲಿ ಹೂತು ಅವ್ವ ವಿಭೂತಿ ಹಾಕಿದಳು, ಚಿಪ್ಪು ಮಗಳ ಮೇಜಿನ ಮೇಲಿದೆ, ಬಾಲದ ಹತ್ತಿರ ಒಂದು ಬಿಲ್ಲೆಯ ಜಾಗ ಖಾಲಿ.